ಬಿಡ್ತು ಅನ್ನಬ್ಯಾಡ್ರಿ

ಆ ದಿನ ಆ ಕೋಣೆಯಲ್ಲಿ ಇದ್ದವರು ನಾಲ್ಕೇ ಮಂದಿ. ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ಸೆರಗು ತಲೆತುಂಬ ಹೊದ್ದು ಅವನ ಮಗ್ಗುಲಿಗೆ ಕೂತ ಕಾಕಿ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ನಾನು. ಮೇಜಿನ ಆಚೆ, ನನ್ನ ಕೊನೆಯ ತಂಗಿಯ ವಯಸ್ಸಿನ ಒಬ್ಬ ಹೆಣ್ಣುಮಗಳು. ಆಳಂದದ ದವಾಖಾನೆಯ ಹಿಂಬದಿಯ ಸಣ್ಣ ಕೋಣೆ. ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂದು ಬರೆದಿತ್ತು. ಹೊಟ್ಟೆನೋವು, ನಿದ್ದೆಯಿಲ್ಲ ಎಂದು ತೋರಿಸಲು ಹೋದ ಕಾಕಾನನ್ನು ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ಏನೂ ಇಲ್ಲ, ಒಮ್ಮೆ ಆ ಕೋಣೆಗೆ ಹೋಗಿಬನ್ನಿ ಎಂದು ಕಳಿಸಿದ್ದರು. ಪಥ್ಯದ ಊಟ ಹೇಳುವ ಕೋಣೆಯಿರಬೇಕು ಅಂದುಕೊಂಡು ಕಾಕಿ ಮೊದಲೇ ಶುರುಮಾಡಿದ್ದಳು: ಖಾರ ಬಿಡಿಸಿದ್ದೇವೆ, ಮಜ್ಜಿಗೆ ಕುಡಿಸುತ್ತೇವೆ.

ನಮ್ಮ ಕಡೆ ಹಿರಿಯರನ್ನು ದವಾಖಾನೆಗೆ ಕರೆದೊಯ್ದರೆ ಹಿರಿಯರು ಬಾಯಿ ಬಿಡುವ ಹಾಗಿಲ್ಲ. ಡಾಕ್ಟರು ಅವರನ್ನು ಕೇಳುತ್ತಾರೆ, ಹೆಂಡತಿ ಹೇಳುತ್ತಾಳೆ. ಹೆಂಡತಿ ಉಸಿರು ತಗೊಳ್ಳುವಷ್ಟರಲ್ಲಿ ಮಗನೋ ಅಣ್ಣನ ಮಗನೋ ಹೇಳುತ್ತಾನೆ. ಹಿರಿಯರು ನಡುವೆ ಪೂಜೆಗೆ ಕೂತವರ ಹಾಗೆ ಸುಮ್ಮನೆ ಇರುತ್ತಾರೆ. ಅವರ ತ್ರಾಸನ್ನು ಅವರ ಬಾಯಿಂದಲೇ ಹೇಳಿಸುವುದು ನಮಗೆ ಅಮರ್ಯಾದೆ. ಅವತ್ತೂ ಹಾಗೇ ಆಯಿತು. ನಿದ್ದೆ ಹೇಗೆ ಎಂದರೆ ಕಾಕಿ ಹೇಳಿದಳು. ಊಟ ಹೇಗೆ ಎಂದರೆ ನಾನು ಹೇಳಿದೆ. ಮನಸ್ಸಿಗೆ ಬೇಸರ ಏನಾದರೂ ಎಂದರೆ ಇಬ್ಬರೂ ಕೂಡಿ ಹೇಳಿದೆವು: ಬೇಸರ ಎಲ್ಲಿಂದ ಬರಬೇಕು, ಮನೆ ತುಂಬ ಮಂದಿ ಇದ್ದಾರೆ, ಪೆನ್ಶನ್ ಬರುತ್ತದೆ, ಮಕ್ಕಳು ಮಾತು ಮೀರುವುದಿಲ್ಲ.

ಆ ಹೆಣ್ಣುಮಗಳು ತಾಳ್ಮೆಯಿಂದ ಕೇಳಿದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಸರಿಸಿ, ನಾವಿಬ್ಬರು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಕಾಕಾನ ಕಡೆ ಮಾತ್ರ ನೋಡಿದರು.

“ಕಾಕಾರ, ಒಂದು ಮಾತು ಸೀದಾ ಕೇಳ್ತೇನಿ. ಈಚೀಚಿಗೆ ಸಾಯಬೇಕು ಅನಸ್ತದೇನ್ರಿ? ನಾನೇ ನನ್ನ ಜೀವಾ ತಗೊಬೇಕು ಅಂತ ವಿಚಾರ ಬರ್ತದೇನ್ರಿ?”

ಇಂಥ ಮಾತನ್ನು, ಒಬ್ಬ ಹಿರಿಯ ಮನುಷ್ಯನಿಗೆ, ಹೆಂಡತಿಯ ಎದುರು? ಕಾಕಿಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈ ಚಾಚಿ ಆಕೆಯನ್ನು ತಡೆಯುವಂತೆ ಮಾಡಿದಳು.

“ಯವ್ವಾ, ಬಿಡ್ತು ಅನ್ನು. ಮೊದಲ ಬಿಡ್ತು ಅನ್ನು.”

ಕೆಟ್ಟ ಮಾತು ಬಾಯಿಂದ ಜಾರಿದರೆ ‘ಬಿಡ್ತು’ ಎಂದು ಅದನ್ನು ಅಲ್ಲೇ ಕಳಚಿ ಹಾಕುವುದು ನಮ್ಮ ಮನೆಗಳ ರೂಢಿ. ಮಕ್ಕಳಿಗೂ ಕಲಿಸಿರುತ್ತೇವೆ. ನಾನೂ ಎದ್ದು ನಿಂತಿದ್ದೆ. ಈಗ ಕಾಕಾ ಏನಾದರೂ ಚೇಷ್ಟೆಯ ಮಾತು ಹೇಳಿ ನಗಿಸುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ಕಾದೆ. ಕಾಕಾ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ.

“ಬಿಡ್ತು ಅನ್ನಬ್ಯಾಡ್ರಿ,” ಅಂದ. “ಆ ಯವ್ವ ಕೇಳಿದ್ದು ಖರೇ ಅದ.”

ಕಾಕಾನನ್ನು ಬಲ್ಲವರಿಗೆ ಮಾತ್ರ ಆ ಮಾತಿನ ಪೆಟ್ಟು ಗೊತ್ತಾಗಬೇಕು. ನರೋಣಾದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವನು ಕೂತಿದ್ದರೆ ಎರಡು ಬಸ್ಸು ತಪ್ಪಿಸಿಕೊಂಡಾದರೂ ಜನ ನಿಲ್ಲುತ್ತಿದ್ದರು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಅಫಜಲಪುರದ ಡಿಪೋದಲ್ಲಿ ಸೇರಿ ಅಲ್ಲೇ ನಿವೃತ್ತನಾದ. ಅಫಜಲಪುರದಿಂದ ಆಳಂದ, ಅಫಜಲಪುರದಿಂದ ಭೀಮಾ ಹೊಳೆ ದಾಟಿ ಜೇವರ್ಗಿ: ಈ ದಾರಿಗಳ ತಗ್ಗು ದಿಣ್ಣೆಗಳನ್ನೆಲ್ಲ ಹೆಸರಿಟ್ಟು ಕರೆಯುತ್ತಿದ್ದ. ಯಾವ ತಗ್ಗಿಗೆ ಯಾವ ಶಾಸಕನ ಹೆಸರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಮಾತು ಕಲಿತದ್ದೇ ಅವನಿಂದ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬೀಡಿ ಹಚ್ಚಿಕೊಳ್ಳುವ ನೆಪದಲ್ಲಿ ಕೇಳುವವನನ್ನು ಕಾಯಿಸಬೇಕು ಎಂಬುದು ಅವನಿಗೆ ಗೊತ್ತಿತ್ತು. ಅಂಥವನ ಬಾಯಿಂದ, ಒಂದೂ ನಗೆಯಿಲ್ಲದೆ, ಆ ಮಾತು.

ಮೇಡಂ ನಮ್ಮನ್ನು ಹೊರಗೆ ಕೂರಲು ಹೇಳಿದರು. ವರಾಂಡದ ಬೆಂಚಿನ ಮೇಲೆ ಕಾಕಿ ತನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ, “ನಾವೇನ್ ಕಮ್ಮಿ ಮಾಡೇವಪ್ಪಾ?” ಎಂದು ಒಮ್ಮೆ ಕೇಳಿದಳು. ಕಮ್ಮಿ ಏನೂ ಇರಲಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು ಎಲ್ಲ ಒಂದೇ ಒಲೆ. ಮನೆಯಲ್ಲಿ ಒಬ್ಬನೇ ಕೂರಬೇಕೆಂದರೂ ಅವನಿಗೆ ಜಾಗ ಸಿಗುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಮೇಡಂ ಹೊರಗೆ ಬಂದರು. ಕಾಕಾನನ್ನು ಕೇಳಿಯೇ ನಿಮಗೆ ಹೇಳುತ್ತಿದ್ದೇನೆ ಎಂದು ಮೊದಲು ತಿಳಿಸಿದರು. ಈ ವಿಚಾರ ಅವನಿಗೆ ಬೇಸಿಗೆಯಿಂದಲೂ ಇದೆ. ಸದ್ಯ ಅವನನ್ನು ಒಬ್ಬನನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ. ಕಲಬುರಗಿಯಿಂದ ಮನೋರೋಗದ ಡಾಕ್ಟರು ಬಂದಾಗ ಅವರೂ ನೋಡುತ್ತಾರೆ, ಗುಳಿಗೆ ಬೇಕಾದರೆ ಕೊಡುತ್ತಾರೆ. ಪ್ರತಿ ಗುರುವಾರ ಇಲ್ಲಿಗೆ ಕರೆದುಕೊಂಡು ಬನ್ನಿ, ನಾನು ಮಾತಾಡುತ್ತೇನೆ. ನಾನು ಸಿಟ್ಟು ತಡೆಯಲಾರದೆ, ನೀವು ಹಾಗೆ ಬಾಯಿಬಿಟ್ಟು ಕೇಳಿದರೆ ಇಲ್ಲದವರಿಗೂ ಆ ವಿಚಾರ ಹೊಕ್ಕೀತಲ್ಲ ಎಂದೆ. ಅವರು ಬೇಜಾರಾಗಲಿಲ್ಲ. “ಕೇಳೋದ್ರಿಂದ ಹೊಗೂದಿಲ್ರಿ. ಒಳಗಿದ್ದದ್ದು ಹೊರಗ ಬರ್ತದ, ಅಷ್ಟೇ. ನಿಮ್ಮ ಕಾಕಾರಿಗಿ ಇಷ್ಟು ದಿನಾ ಯಾರೂ ಕೇಳಿದ್ದಿಲ್ಲ,” ಎಂದರು.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇತ್ತೀಚೆಗೆ ಕಾಕಾ ತನ್ನ ಸಾಮಾನು ಯಾರಿಗಾದರೂ ಕೊಟ್ಟಿದ್ದಾನೆಯೇ ಎಂದರು.

ನಾನು ನನ್ನ ಎಡಗೈ ನೋಡಿಕೊಂಡೆ. ಮಣಿಕಟ್ಟಿನ ಮೇಲೆ ಕಾಕಾನ ಗಡಿಯಾರ ಇತ್ತು.

ಶ್ರಾವಣದ ಕಡೇ ಸೋಮವಾರ ಅದನ್ನು ಕೊಟ್ಟಿದ್ದ. ದಿನಾ ಕೀಲಿ ಕೊಡಬೇಕಾದ ಹಳೆಯ ಗಡಿಯಾರ. ಡ್ಯೂಟಿಯ ಮೊದಲ ದಿನದಿಂದ ಅವನ ಕೈಯಲ್ಲಿದ್ದದ್ದು. ಅವತ್ತು ಮನೆಯಲ್ಲಿ ಮಠದ ಅಯ್ಯನವರ ಪಾದಪೂಜೆ, ಪ್ರಸಾದ. ಎಲ್ಲರ ಊಟವಾದ ಮೇಲೆ ಕಾಕಾ ಒಳಗಿನಿಂದ ಒಂದೊಂದೇ ತಂದ. ಶಾಲು ಹಿರಿಯ ಮಗನಿಗೆ. ಖಾಕಿ ಸ್ವೆಟರು ಕಿರಿಯವನಿಗೆ. ಡ್ಯೂಟಿಗೆ ಬುತ್ತಿ ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿ ಮೊಮ್ಮಗಳಿಗೆ. ಗಡಿಯಾರ ನನಗೆ. ಹಿರಿಯರು ಕೊಟ್ಟದ್ದನ್ನು ಬೇಡ ಅನ್ನಬಾರದು, ಯಾಕೆ ಅಂತ ಕೇಳಬಾರದು. ಎರಡೂ ಕೈ ಚಾಚಿ ತಗೊಂಡು, ಕಣ್ಣಿಗೊತ್ತಿಕೊಂಡು, ಪಾದ ಮುಟ್ಟಬೇಕು. ನಾವು ಸಾಲುಹಿಡಿದು ಹಾಗೇ ಮಾಡಿದೆವು. ಅಯ್ಯನವರು, ಇವರ ಕಾಯಕ ಮುಗಿದು ಈಗ ದಾಸೋಹ ನಡೆದಿದೆ, ಮನುಷ್ಯ ಮಾಗಿದರೆ ಹೀಗೆ ಮಾಗಬೇಕು ಎಂದು ಎಲ್ಲರ ಎದುರು ಹೊಗಳಿದರು. ಊರಲ್ಲೂ ನಾಲ್ಕು ಮಂದಿ ಅದನ್ನೇ ಆಡಿಕೊಂಡರು. ಕಾಕಾನೂ ನಗುತ್ತಲೇ ಇದ್ದ. ಅವನು ಹೋಗುವ ತಯಾರಿ ಮಾಡುತ್ತಿದ್ದಾನೆ, ನಾವು ಅದಕ್ಕೆ ಕೈಯೊಡ್ಡಿ ನಮಸ್ಕಾರ ಮಾಡುತ್ತಿದ್ದೇವೆ ಎಂದು ಅಲ್ಲಿ ತುಂಬಿದ್ದ ಅಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಪಟ್ಟಿ ಬಿಚ್ಚಲು ಹೋದೆ. ಮೇಡಂ ತಡೆದರು.

“ನೀವಾಗಿ ವಾಪಸ್ ಕೊಡಬ್ಯಾಡ್ರಿ. ಇಟ್ಕೊರ್ರಿ. ಬೇಕು ಅಂತ ಅವರಿಗೇ ಅನಸಬೇಕು.”

ಕಡಗಂಚಿಯಲ್ಲಿ, ವಿಶ್ವವಿದ್ಯಾಲಯದ ಗೇಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅವತ್ತಿನಿಂದ ಗಡಿಯಾರವನ್ನು ಕೈಗೆ ಕಟ್ಟುವ ಧೈರ್ಯವಾಗದೆ ರೊಕ್ಕದ ಗಲ್ಲೆಯಲ್ಲಿ ಇಟ್ಟೆ. ದಿನಾ ಮುಂಜಾನೆ ಅಂಗಡಿ ತೆಗೆದ ಕೂಡಲೇ ಮೊದಲು ಅದಕ್ಕೆ ಕೀಲಿ ಕೊಡುತ್ತಿದ್ದೆ. ಅದು ನಿಂತುಬಿಟ್ಟರೆ ಎಂಬ ಹೆದರಿಕೆ. ಆ ಹೆದರಿಕೆಗೆ ಅರ್ಥವಿಲ್ಲವೆಂದು ಗೊತ್ತಿದ್ದರೂ ಕೈ ಬಿಡಲಿಲ್ಲ.

ಗುರುವಾರ ಅಂಗಡಿ ಮಗಳಿಗೆ ವಹಿಸಿ ನರೋಣಾಕ್ಕೆ ಹೋಗಿ, ಕಾಕಾನನ್ನು ಕರೆದುಕೊಂಡು ಆಳಂದದ ಬಸ್ಸು ಹತ್ತುವುದು ನನ್ನ ಕೆಲಸವಾಯಿತು. ಕಟ್ಟೆಯ ಗೆಳೆಯರು ಸುಮ್ಮನೆ ಬಿಡುತ್ತಾರೆಯೇ? ವಾರ ವಾರ ಎಲ್ಲಿಗೆ ಎಂದು ಕೇಳಿದರು. ಕಾಕಾ ಮೊದಲು ಮೊಣಕಾಲಿಗೆ ಎಂದ. ಮೊಣಕಾಲು ಸರಿಯಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಮುಂದೊಂದು ಗುರುವಾರ ಅದೇನು ಮನಸ್ಸಾಯಿತೋ, ಮಾತಾಡಲು ಹೋಗುತ್ತೇನೆ ಅಂದುಬಿಟ್ಟ. ಕಟ್ಟೆಯ ತುದಿಗೆ ಕೂತಿದ್ದ ಪಿಂಜಾರ ಓಣಿಯ ಮುದುಕರೊಬ್ಬರು ಕೈಯಲ್ಲಿದ್ದ ಎಲೆ ಅಡಿಕೆ ಹಾಗೇ ಹಿಡಿದು, “ಇಲ್ಲಿ ಮಾತಿಗೆ ಏನ್ ಬರಾ ಬಂದದೋ? ದಿನಾ ನಮ್ಮ ಕಿವಿ ತಿಂತಿ, ಅದು ಸಾಕಾಗ್ಲಿಲ್ಲ?” ಎಂದರು. ಕಾಕಾ, “ನಿಮ್ಮ ಮುಂದ ಆಡೋದು ಮಾತಲ್ಲೋ ಸಾಹೇಬಾ, ಹಾರ್ನು,” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಬಸ್ಸಿನಲ್ಲಿ ಆ ಮಾತು ನೆನೆದು ನಗು ಬರಲಿಲ್ಲ.

ಮೊದಲ ಕೆಲವು ವಾರ ಏನೂ ನಡೆಯಲಿಲ್ಲ ಎಂದೇ ಹೇಳಬೇಕು. ಮೊದಲ ದಿನ ಹೌದು ಅಂದದ್ದೇ ಅಂದದ್ದು, ಮುಂದೆ ಕಾಕಾ ಒಳಗೆ ಹೋದರೆ ಹೊರಗೆ ಕೂತ ನನಗೆ ಮೇಡಮ್ಮರ ನಗೆಯೇ ಕೇಳುತ್ತಿತ್ತು. ಡಿಪೋ ಮ್ಯಾನೇಜರನ ಕಥೆ, ಬಸ್ಸಿನಲ್ಲಿ ಹೋತ ಹತ್ತಿಸಿದವನಿಗೆ ಅರ್ಧ ಟಿಕೇಟು ಕೊಟ್ಟ ಕಥೆ. ಅರ್ಧ ತಾಸು ನಗಿಸಿ, ಕೈ ಮುಗಿದು ಎದ್ದು ಬರುತ್ತಿದ್ದ. ಒಮ್ಮೆ ಮೇಡಂ ನನ್ನ ಹತ್ತಿರ, ನಿಮ್ಮ ಕಾಕಾ ಮನಸ್ಸಿನ ಬಾಗಿಲ ತನಕ ಬಂದು ಅಲ್ಲಿಂದಲೇ ನನ್ನನ್ನು ವಾಪಸ್ ಕಳಿಸುತ್ತಾರೆ ಎಂದು ಬೇಸರದಿಂದ ಹೇಳಿದರು.

ಒಂದು ಗುರುವಾರ ಆ ಕೋಣೆಗೆ ಸುಣ್ಣ ಹೊಡೆಯುತ್ತಿದ್ದರು. ಮೇಜು ಕುರ್ಚಿ ಎಲ್ಲ ಹೊರಗೆ. ಮೇಡಂ ಬೇರೆ ದಾರಿಯಿಲ್ಲದೆ ಕಾಕಾನನ್ನು ಹಿಂದಿನ ವರಾಂಡಕ್ಕೆ ಕರೆದೊಯ್ದರು. ಅಲ್ಲಿ ಒಂದೇ ಬೆಂಚು. ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂರಬೇಕು. ಎದುರಿಗೆ ಗೇಟು, ಗೇಟಿನಾಚೆ ರಸ್ತೆ, ಆಟೋಗಳು, ತೊಗರಿ ಚೀಲ ಹೇರಿದ ಟ್ರ್ಯಾಕ್ಟರು. ನಾನು ದೂರದಲ್ಲಿ ಚಹಾದಂಗಡಿಯ ಹತ್ತಿರ ನಿಂತಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಕಾಕಾ ರಸ್ತೆಯ ಮೇಲಿನ ಕಣ್ಣು ಕೀಳದೆ ಮಾತಾಡುತ್ತಿದ್ದ. ಮೇಡಂ ನಗುತ್ತಿರಲಿಲ್ಲ.

ಹಾಗೆ ನೋಡಿದರೆ ಅವನು ಬದುಕಿಡೀ ಮಾತಾಡಿದ್ದೇ ಹಾಗೆ. ಕಣ್ಣು ದಾರಿಯ ಮೇಲೆ, ಮಾತು ಹಿಂದಿನವರಿಗೆ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟವರಿಗೆ ಅವನ ಹತ್ತಿರ ಇದ್ದದ್ದು ಚೇಷ್ಟೆಯೊಂದೇ. ಮುಂದಿನ ವಾರ ಕೋಣೆ ತಯಾರಾಗಿತ್ತು, ಆದರೆ ಮೇಡಂ ಮೇಜನ್ನು ಗೋಡೆಗೆ ತಳ್ಳಿ, ಎರಡು ಕುರ್ಚಿಗಳನ್ನು ಬಸ್ಸಿನ ಸೀಟಿನ ಹಾಗೆ ಜೋಡಿಸಿ ಕಿಟಕಿಯ ಕಡೆ ತಿರುಗಿಸಿದ್ದರು. ಕಾಕಾ ಬಾಗಿಲಲ್ಲೇ ನಿಂತು ನೋಡಿ, “ಟಿಕೇಟ್ ತಗೊಬೇಕೇನವ್ವಾ?” ಅಂದ. ಹೋಗಿ ಬಲಗಡೆಯ ಕುರ್ಚಿಯ ಮೇಲೆ ಕೂತ. ಡ್ರೈವರನ ಕಡೆ ಅದು.

ಒಳಗೆ ಆದ ಮಾತು ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ನನ್ನ ಹತ್ತಿರವೂ ಅವನು ಮುಂದೆ ನೋಡುತ್ತಲೇ ಹೇಳಿದ.

ಕಾಕಾನಿಗೆ ಒಬ್ಬ ಕಂಡಕ್ಟರ್ ಗೆಳೆಯ ಇದ್ದ, ಇಜೇರಿಯವನು. ವರ್ಷಗಟ್ಟಲೆ ಇಬ್ಬರದೂ ಒಂದೇ ಗಾಡಿ. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ಅಫಜಲಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಎದೆನೋವು ಎಂದರು. ಮಣ್ಣಿಗೆ ನಾನೂ ಕಾಕಾನ ಜೊತೆ ಹೋಗಿದ್ದೆ.

“ಅದು ಎದಿನೋವಲ್ಲ,” ಅಂದ ಕಾಕಾ. “ಅಂವ ತಾನೇ ಜೀವಾ ತಗೊಂಡ.”

ಮಣ್ಣಿನ ದಿನವೇ ಕಂಡಕ್ಟರನ ಮಗ ಕಾಕಾನನ್ನು ಬದಿಗೆ ಕರೆದು ನಿಜ ಹೇಳಿ, ಹೊರಗೆ ಬಾಯಿ ಬಿಡಬಾರದು, ಅವ್ವನ ಮುಂದಂತೂ ಗೊತ್ತಿದ್ದ ಹಾಗೆ ತೋರಿಸಿಕೊಳ್ಳಲೇಬಾರದು ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ಆ ಮಾತನ್ನು ಒಳಗೇ ಇಟ್ಟುಕೊಂಡು ಕಾಕಾ ನಮ್ಮೆಲ್ಲರ ನಡುವೆ ಉಂಡ, ಮಲಗಿದ, ಕಟ್ಟೆಯ ಮೇಲೆ ನಗಿಸಿದ. ಅದರ ಹಿಂದೆ ಇನ್ನೊಂದಿತ್ತು. ಸಾಯುವ ಒಂದು ವಾರ ಮೊದಲು ಕಂಡಕ್ಟರ್ ಅಫಜಲಪುರಕ್ಕೆ ಬಂದು, ಚಹಾ ಕುಡಿದು, ಕಿಸೆಯಿಂದ ತನ್ನ ಸೀಟಿ ತೆಗೆದು ಕಾಕಾನ ಅಂಗೈಯಲ್ಲಿ ಇಟ್ಟಿದ್ದನಂತೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು ಎನ್ನುವ ಸೀಟಿ. ಇದು ನಿನ್ನ ಹತ್ತಿರ ಇರಲಿ ಅಂದ. ಕಾಕಾ, ಲೇ, ನಾನೇನು ನನ್ನ ಹೆಂಡತಿಗೆ ರೈಟ್ ಹೇಳಲೇನು ಅಂದ. ಇಬ್ಬರೂ ನಕ್ಕರು. ಅಷ್ಟೇ.

“ನಾ ಯಾಕ್ ಅಂತ ಕೇಳ್ಲಿಲ್ಲೋ. ಕೇಳಿದ್ರ ಹೇಳ್ತಿದ್ದ. ಜೋಕ್ ಮಾಡಿ ಕಳಸಿಬಿಟ್ಟೆ.”

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸರು ಹಸಿ ಕಡಲೆ ಸುಲಿದು ತಿನ್ನುತ್ತಿದ್ದರು. ಕಾಕಾ ಮುಂದುವರಿದ. ರಾತ್ರಿ ಮಲಗಿದರೆ ಆ ಗೆಳೆಯ ಹಿಂದಿನಿಂದ ಎರಡು ಸೀಟಿ ಊದಿದ ಹಾಗೆ ಕೇಳುತ್ತಿತ್ತಂತೆ. ಎರಡು ಊದಿದ ಮೇಲೆ ಗಾಡಿ ಬಿಡಲೇಬೇಕಲ್ಲ ಅನ್ನಿಸುತ್ತಿತ್ತಂತೆ. ಅದನ್ನೂ ಮೇಡಮ್ಮರ ಮುಂದೆ ಹೇಳಿದ್ದ.

“ಮೇಡಂ ಏನ್ ಅಂದ್ರು?” ಎಂದೆ.

ಎರಡು ಸೀಟಿ ಕೇಳಿದ ಕೂಡಲೇ ಕಣ್ಣುಮುಚ್ಚಿ ಗಾಡಿ ಬಿಡುತ್ತಿದ್ದಿರೇನು ಎಂದು ಕೇಳಿದರಂತೆ. ಕಾಕಾನಿಗೆ ಸಿಟ್ಟೇ ಬಂತು. ಹ್ಯಾಗೆ ಬಿಡಲಿ? ಮುಂದೆ ಎಮ್ಮೆ ಅಡ್ಡ ನಿಂತಿರಬಹುದು, ಮುದುಕಿ ಬಾಗಿಲಿಗೆ ಜೋತಿರಬಹುದು; ಕಂಡಕ್ಟರನಿಗೆ ಹಿಂದಿನದು ಕಾಣುತ್ತದೆ, ಮುಂದಿನದು ಕಾಣುವುದು ನನಗೆ ಎಂದು ಜೋರಾಗಿಯೇ ಹೇಳಿದನಂತೆ. ಬಹಳ ಹೊತ್ತು ಇಬ್ಬರೂ ಕಿಟಕಿಯಾಚೆ ನೋಡಿದರಂತೆ.

ಅದರ ಮುಂದಿನ ಗುರುವಾರ ಮೇಡಂ ನನ್ನನ್ನೂ ಒಳಗೆ ಕರೆದು ಹಿಂದಿನ ಸ್ಟೂಲಿನ ಮೇಲೆ ಕೂರಿಸಿದರು. ಕಾಕಾ ಒಪ್ಪಿದ್ದ. ಮಾತು ಮತ್ತೆ ಸೀಟಿಗೇ ಬಂತು. ಒಬ್ಬ ಮನುಷ್ಯ ಅಂಗೈಯಲ್ಲಿ ಇಟ್ಟು ಹೋಗುತ್ತಾನೆ, ನನಗೆ ತಿಳಿಯಲಿಲ್ಲ ಅಂದರೆ ನಾನೆಂಥ ಗೆಳೆಯ, ಇದನ್ನೇ ಕಾಕಾ ತಿರುಗಿಸಿ ತಿರುಗಿಸಿ ಹೇಳುತ್ತಿದ್ದ. ಮೇಡಂ ಸಮಾಧಾನ ಹೇಳಲಿಲ್ಲ.

“ನಿಮ್ಮ ಅಣ್ಣನ ಮಗ ಹಿಂದ ಕುಂತಾರ. ನೀವು ಗಡಿಯಾರ ಕೊಟ್ಟಾಗ ಅವರು ಯಾಕ್ ಅಂತ ಕೇಳಿದ್ರೇನು?”

“ಇಲ್ಲ.”

“ಅವರ ಮ್ಯಾಲ ಸಿಟ್ಟದೇನ್ರಿ?”

ಕಾಕಾ ತಿರುಗಿ ನೋಡಿದ. ಅಷ್ಟು ತಿಂಗಳಲ್ಲಿ ಆ ಕೋಣೆಯಲ್ಲಿ ಅವನು ಚೇಷ್ಟೆಯಿಲ್ಲದೆ ಒಬ್ಬರ ಮುಖ ನೋಡಿದ್ದು ಅದೇ ಮೊದಲು. “ಅವಂಗ ಹ್ಯಾಂಗ ಗೊತ್ತಾಗಬೇಕವ್ವಾ? ನಾ ನಕ್ಕೋತ ಕೊಟ್ಟೇನಿ,” ಅಂದ.

ಅಂದವನು ತನ್ನ ಮಾತು ತನಗೇ ಕೇಳಿಸಿದ ಹಾಗೆ ಬಾಯಿ ತೆರೆದೇ ಕೂತ. ಆಮೇಲೆ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಹಾಕಿಕೊಂಡ. ನಮ್ಮ ಮನೆಯ ಯಾವ ಗಂಡಸೂ ಅಳುವುದನ್ನು ನಾನು ನೋಡಿರಲಿಲ್ಲ, ಮಣ್ಣಿನಲ್ಲಿ ಕೂಡ. ಎಲ್ಲಿ ನೋಡಬೇಕು, ಕೈ ಎಲ್ಲಿ ಇಡಬೇಕು ನನಗೆ ತಿಳಿಯಲಿಲ್ಲ. ಮೇಡಂ ಕಿಟಕಿಯಾಚೆಯ ರಸ್ತೆಯನ್ನೇ ನೋಡುತ್ತಿದ್ದರು. ನಾನೂ ಅಲ್ಲಿಗೇ ನೋಡಿದೆ.

ಎಲ್ಲ ಮುಗಿಯಿತು, ಇನ್ನು ಸುಖ ಎಂದುಕೊಂಡಿದ್ದೆ. ತೊಗರಿ ರಾಶಿಯ ಹೊತ್ತಿನಲ್ಲಿ ಒಂದು ಗುರುವಾರ ನರೋಣಾದಲ್ಲಿ ಇಳಿದರೆ ಕಟ್ಟೆಯ ಮೇಲೆ ಕಾಕಾ ಇಲ್ಲ. ಮನೆಗೆ ಹೋದರೆ ಕಾಕಿ, ನಿನ್ನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ ಎಂದು ನಸುಕಿನಲ್ಲೇ ಹೋದರಲ್ಲ ಎಂದಳು. ಹೇಳುತ್ತಲೇ ಒಳಗೆ ಓಡಿದಳು. ಮೊಬೈಲು ತಲೆದಿಂಬಿನ ಹತ್ತಿರವೇ ಇತ್ತು. ಗಂಡುಮಕ್ಕಳು ಒಬ್ಬ ಹೊಲಕ್ಕೆ, ಒಬ್ಬ ಬಾವಿಯ ಕಡೆಗೆ ಓಡಿದರು. ರಾಶಿ ಮಾಡುತ್ತಿದ್ದ ಆಳುಗಳೂ ಕೆಲಸ ಬಿಟ್ಟು ಹುಡುಕಲು ಹೊರಟರು. ನಾನು ಮೋಟಾರ್ ಸೈಕಲ್ ಇಸಿದುಕೊಂಡು ಆಳಂದಕ್ಕೆ ಹೋದೆ, ಅಲ್ಲಿಯಾದರೂ ಇದ್ದಾನು ಎಂದು. ಕೋಣೆಯಲ್ಲಿ ಎರಡು ಕುರ್ಚಿಗಳು ಜೋಡಿಸಿದ ಹಾಗೇ ಇದ್ದವು. ಮೇಡಂ ನನ್ನ ಮುಖ ನೋಡಿ ಎದ್ದು ನಿಂತರು. ಕೈಯಲ್ಲಿದ್ದ ಪೆನ್ನು ಬಿದ್ದದ್ದನ್ನೂ ಅವರು ಗಮನಿಸದ್ದು ಕಂಡು ನನಗೆ ಇನ್ನೂ ಹೆದರಿಕೆಯಾಯಿತು. ಮೇಡಂ ಕೂಡ ಹೆದರಬಹುದು ಎಂದು ನಾನು ಎಣಿಸಿರಲಿಲ್ಲ. ಅವರು ಪೊಲೀಸರಿಗೆ ಫೋನು ಮಾಡಲು ಶುರುಮಾಡಿದರು.

ಅಷ್ಟರಲ್ಲಿ ನನಗೆ ಫೋನು ಬಂತು. ಗುರುತಿಲ್ಲದ ನಂಬರು, ಹೆಣ್ಣುಧ್ವನಿ.

“ನಾ ಇಜೇರಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಕಾಕಾ ನಮ್ಮ ಮನಿಯಾಗ ಊಟಕ್ಕ ಕುಂತಾರ. ಮನಿಯಾಗ ಹೇಳದ ಬಂದಾರಂತ, ಫೋನ್ ಹಚ್ಚು ಅಂದ್ರು.”

ಕಂಡಕ್ಟರನ ಹೆಂಡತಿ. ನನ್ನ ಅಂಗಡಿಯ ಬೋರ್ಡಿನ ಮೇಲೆ ಬರೆದ ನಂಬರು ಕಾಕಾನಿಗೆ ಬಾಯಿಪಾಠವಿತ್ತು. ಮೊದಲ ಬಸ್ಸಿಗೆ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿ. ನಾನು ಮೇಡಮ್ಮರ ಕೈಗೆ ಫೋನು ಕೊಟ್ಟು, ಅವರ ಫೋನಿನಿಂದ ಕಾಕಿಗೆ ಹೇಳಿದೆ.

ಸಂಜೆ ವಾಪಸ್ ಕರೆತರಲು ನಾನೇ ಜೇವರ್ಗಿಯ ತನಕ ಹೋದೆ. ಬೈಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೈಗುಳ ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ತಾನೇ ಹೇಳಿದ. ಸೀಟಿಯನ್ನು ಆ ಹೆಣ್ಣುಮಗಳ ಮುಂದೆ ಇಟ್ಟು, ತಂಗಿ, ನನಗೆ ಎಲ್ಲ ಗೊತ್ತದ, ನಿನ್ನ ಮಗ ಹೇಳಬೇಡ ಅಂದಿದ್ದ ಎಂದು ಬಿಚ್ಚಿ ಹೇಳಿದನಂತೆ. ಆಕೆ ಕೂತಲ್ಲೇ ತಲೆ ಚಚ್ಚಿಕೊಂಡಳಂತೆ. ಮಗ ಆಕೆಯಿಂದಲೂ ಅದೇ ಆಣೆ ಹಾಕಿಸಿಕೊಂಡಿದ್ದ: ಆ ಡ್ರೈವರ್ ಮಾವನಿಗೆ ಗೊತ್ತಾದರೆ ತಡಕೊಳ್ಳುವುದಿಲ್ಲ, ಅವನ ಮುಂದೆ ಎದೆನೋವು ಅಂತಲೇ ಅನ್ನು. ಒಂದೇ ಸಂಗತಿಯನ್ನು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿ ಇಷ್ಟು ತಿಂಗಳು ಒಳಗೊಳಗೇ ಬೆಂದಿದ್ದರು.

“ಸಾಯೋಕಿಂತ ಮೊದಲ ಅಂವ ಆಕಿಗಿ ಒಂದು ಇಳಕಲ್ ಸೀರಿ ತಂದುಕೊಟ್ಟಿದ್ನಂತ,” ಅಂದ ಕಾಕಾ. “ಹಬ್ಬಿಲ್ಲ, ಹುಣ್ಣಿಮಿಲ್ಲ. ಆಕಿನೂ ಯಾಕ್ ಅಂತ ಕೇಳಿಲ್ಲ. ಉಟ್ಟೇ ಇಲ್ಲೋ ಅದನ್ನ. ಗಂಟಿನಾಗ ಅದ.”

ಸೀಟಿಯನ್ನು ಅಲ್ಲೇ ಬಿಟ್ಟು ಬಂದಿದ್ದ. ಭೀಮಾ ಹೊಳೆಯ ಸೇತುವೆ ಬಂದಾಗ ಡ್ರೈವರ್ ಗೇರು ಬದಲಿಸಿದ ರೀತಿಗೆ ಬಾಯಿ ಲೊಚಗುಟ್ಟಿ, ಇಂಥವರ ಕೈಗೆ ಗಾಡಿ ಕೊಡುತ್ತಾರೆ ನೋಡು ಎಂದು ಗೊಣಗಿದ. ಹಳೆಯ ಗೊಣಗಾಟ ಕೇಳಿ ಎಷ್ಟೋ ದಿನವಾಗಿತ್ತು.

ಗುರುವಾರಗಳು ನಡೆದವು. ಗುಳಿಗೆಯೂ ನಡೆಯಿತು. ಕೆಲವು ವಾರ ಒಳ್ಳೆಯವು, ಕೆಲವು ವಾರ ಕಾಕಾ ಹೊದಿಕೆ ಹೊದ್ದು ಗೋಡೆಯ ಕಡೆ ಮುಖ ಮಾಡಿದ್ದನ್ನು ನಾನೇ ಎಬ್ಬಿಸಿ ಕರೆದುಕೊಂಡು ಹೋದದ್ದುಂಟು. ಕಾಕಿ ಈಗ ಅವನ ಮಗ್ಗುಲಿಗೆ ಕೂತು, ಮುಖ ನೋಡದೆ ಜೋಳ ಹಸನು ಮಾಡುತ್ತ, ಇವತ್ತು ಹ್ಯಾಂಗದ ಎಂದು ಕೇಳುತ್ತಾಳೆ, ಅವನು ಹೇಳುತ್ತಾನೆ. ಅವಳು ಬಿಡ್ತು ಅನ್ನುವುದಿಲ್ಲ. ನಾನು ಗಲ್ಲೆ ತೆಗೆದಾಗಲೆಲ್ಲ ಗಡಿಯಾರ ಟಿಕ್‌ಟಿಕ್ ಅನ್ನುತ್ತಿತ್ತು, ಅದನ್ನು ಅವನು ಕೇಳುವನೇ ಎಂದು ನಾನು ಕಾಯುತ್ತಿದ್ದೆ. ಕೊಟ್ಟದ್ದನ್ನು ತಿರುಗಿ ಕೇಳುವ ಹಿರಿಯನನ್ನು ನಮ್ಮ ಕಡೆ ನಾನು ಇವತ್ತಿನ ತನಕ ಕಂಡಿಲ್ಲ. ಕೇಳಲಾರ ಎಂದೇ ಒಳಗೊಳಗೆ ಅನ್ನಿಸುತ್ತಿತ್ತು.

ಯುಗಾದಿ ಮುಗಿದು ಬಿಸಿಲು ಏರಿದ ಮೇಲೆ, ಒಂದು ಮುಂಜಾನೆ ಕಾಕಾ ಕಡಗಂಚಿಗೆ ಒಬ್ಬನೇ ಬಂದ. ಹೊರಡುವ ಮೊದಲು ಕಾಕಿಗೆ ಹೇಳಿ ಬಂದಿದ್ದ. ಅವಳು ನನಗೆ ಫೋನು ಮಾಡಿದ್ದಳು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ಕೂತು ಚಹಾ ಕುಡಿದೆವು. ಪರೀಕ್ಷೆಯ ಹೊತ್ತು, ವಿದ್ಯಾರ್ಥಿಗಳು ನೋಟ್ಸ್ ಹಿಡಿದು ಸಾಲಾಗಿ ನಿಂತಿದ್ದರು. ಕಾಕಾ ಕಪ್ಪು ಕೆಳಗಿಟ್ಟು ಎಡಗೈ ಚಾಚಿದ.

“ನನ್ನ ಗಡಿಯಾರ ಕೊಡು.”

ನಾನು ಎದ್ದು ಹೋಗಿ ಗಲ್ಲೆಯಿಂದ ತಂದೆ. ಅವನೇ ಕಟ್ಟಿಕೊಂಡ, ಕಿವಿಗೆ ಹಿಡಿದು ನೋಡಿದ, ಸ್ವಲ್ಪ ಮುಂದೆ ಓಡುತ್ತಿದೆ ಎಂದ. ಸಾಲಿನಲ್ಲಿದ್ದ ಒಬ್ಬ ಹುಡುಗಿಯನ್ನು ಟೈಮೆಷ್ಟು ಎಂದು ಕೇಳಿ ಮುಳ್ಳು ಸರಿಮಾಡಿಕೊಂಡ. ಶಾಲನ್ನು ಹಿರಿಯ ಮಗನಿಂದ ನಿನ್ನೆಯೇ ಇಸಿದುಕೊಂಡಾಯಿತು, ಸ್ವೆಟರು ಮಾತ್ರ ಕಿರಿಯವ ಬೆನ್ನಿಗೆ ಹರಿದಿಟ್ಟಿದ್ದಾನೆ ಎಂದು ಹೇಳಿದ. ಆಳಂದದ ಬಸ್ಸು ಬಂತು. ಅವತ್ತು ಗುರುವಾರ. ನಾನು ಬರಲೇ ಎಂದೆ. ಬೇಡ, ಅಂಗಡಿ ನೋಡಿಕೋ ಎಂದು ಕಾಕಾ ಬಸ್ಸು ಹತ್ತಿದ.